ಪದ ಬೇಕು (ತುರ್ತು): ಪರ್ಗೋಲಾ, ಆನಿಂಗ್, ಟೆರೇಸ್

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನ 12ಕ್ಕೆ ಮನೆ-ತೋಟದ ಪುರವಣಿಗೆ ಒಂದು ಅನುವಾದ ಕೊಡಬೇಕು. ಬಾರ್ಸಿಲೋನಾದ ಜನ ತಮ್ಮ ಟೆರೇಸು, ಹಿತ್ತಿಲುಗಳನ್ನು ಹೇಗೆ ಅಣಿ ಮಾಡಿಕೊಂಡು ಊಟ, ಹರಟೆ, ನಿದ್ದೆ ಎಲ್ಲವನ್ನೂ ಹೊರಗೇ ನಡೆಸುತ್ತಾರೆ ಅನ್ನುವ ಬರಹ. ಮೂಲ ಇಂಗ್ಲಿಷಿನಲ್ಲಿದೆ, ಮಧ್ಯೆ ಮಧ್ಯೆ ಸ್ಪ್ಯಾನಿಷ್ ಪದಗಳೂ ಅಲ್ಲಿಯ ಸ್ಥಳೀಯ ಭಾಷೆಯಾದ ಕತಲಾನಿನ ಪದಗಳೂ ಇವೆ.

ಪರ್ಗೋಲಾಕ್ಕೆ ಏನನ್ನೋಣ? ನಾಲ್ಕು ಕಂಬ, ಮೇಲೆ ಅಡ್ಡಪಟ್ಟಿಗಳು, ಅದರ ಮೇಲೆ ದ್ರಾಕ್ಷಿ ಬಳ್ಳಿ. ಇನ್ನು ಆನಿಂಗ್, ಅಲ್ಲಿಯವರು ತೋಲ್ದೊ ಅನ್ನುತ್ತಾರೆ. ಗೋಡೆಗೆ ಹೊಂದಿಸಿದ ಬಟ್ಟೆ. ಹಿಡಿ ತಿರುಗಿಸಿದರೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಸಂಜೆ ಮತ್ತೆ ಸುತ್ತಿಡಬಹುದು. 'ಔಟ್‌ಡೋರ್ ಲಿವಿಂಗ್' ಅಂತ ತಲೆಬರಹ ಬೇರೆ ಇದೆ.

ಟೆರೇಸಿಗೆ ತಾರಸಿ ಹಾಕಿದ್ದೆ. ಆದರೆ ಒಂದು ಕಡೆ 'ಟೆರೇಸಿನಲ್ಲಿ ಕೂತರೆ ಪಕ್ಕದಲ್ಲೇ ಬಸ್ಸು ಹೋಗುತ್ತದೆ, ಮಾಣಿ ರಸ್ತೆ ದಾಟಿ ಕಾಫಿ ತರುತ್ತಾನೆ' ಅಂತಿದೆ. ತಾರಸಿಯ ಮೇಲೆ ಬಸ್ಸು ಎಲ್ಲಿಂದ ಬಂತು? ತಲೆ ಕೆಟ್ಟಿದೆ. ದಯವಿಟ್ಟು ಬೇಗ ಹೇಳಿ.

ಹಳಗನ್ನಡ ಮೇಷ್ಟ್ರು:
ಆನಿಂಗಿಗೆ ಮೇಲ್ಕಟ್ಟು. ನಿಘಂಟಿನಲ್ಲಿದೆ. ಹುಡುಕಿದ್ದರೆ ಸಿಗುತ್ತಿತ್ತು.

ಅಚ್ಚಗನ್ನಡಿಗ:
ಪರ್ಗೋಲಾಕ್ಕೆ ಹಂದರ. ಬೇರೆ ಯೋಚನೆಯೇ ಬೇಡ. ಪಂದರ್ ಎಂಬ ಹಳೆಯ ಪದವೇ ಹಂದರ ಆಗಿದೆ. ಪಾಲು ಹಾಲಾಯಿತು, ಪೂ ಹೂವಾಯಿತು, ಹಾಗೇ. ತಮಿಳಿನ ಪಂದಲ್ ಇದರ ಒಡಹುಟ್ಟು. ಇಂಗ್ಲಿಶಿನವರು ಅದನ್ನೇ ಕೊಂಡುಹೋಗಿ ಪೆಂಡಾಲ್ ಮಾಡಿಕೊಂಡರು. ನಮ್ಮದೇ ಪದ ಊರೂರು ಸುತ್ತಿ ಬಂದಿರುವಾಗ ಇಟಲಿಯದು ಯಾಕೆ? ಚಪ್ಪರ ಮಾತ್ರ ಹಾಕಬೇಡಿ, ಅದು ಹಿಂದಿಯ ಛಪ್ಪರ್.
ತಲೆಬರಹಕ್ಕೆ 'ಬಯಲುಬಾಳು' ಅನ್ನಿ. ಎಲ್ಲರಿಗೂ ತಿಳಿಯುವ ಬಾಶೆ.

ಮಾಳಿಗೆಮನೆ (ಧಾರವಾಡ):
ಬಯಲುಬಾಳು ಬೇಡ ಮಾರಾಯರೇ. ನಮ್ಮ ಹಳ್ಳಿಯಲ್ಲಿ ಚೊಂಬು ಹಿಡಿದು ಬಯಲಿಗೆ ಹೋಗೋದು ಅಂದ್ರೆ ಬೇರೆಯೇ ಕೆಲಸ. ಪುರವಣಿ ಓದಿದವರು ನಗುತ್ತಾರೆ.

ಹಂದರ ಒಪ್ಪಿದೆ. ನಮ್ಮ ಕಡೆ ಮದುವೆಗೆ ಹಾಕೋದೂ ಹಂದರವೇ, ಮಲ್ಲಿಗೆ ಬಳ್ಳಿಗೆ ಹಾಕೋದೂ ಹಂದರವೇ. ಆದರೆ ಚಪ್ಪರ ಹಿಂದಿಯದು ಅಂತ ಯಾರು ಬರೆದುಕೊಟ್ಟರು? ಹೀರೆಕಾಯಿ ಚಪ್ಪರ ಹಾಕುವ ರೈತನ ಎದುರು ಇದನ್ನು ಹೇಳಿ ನೋಡಿ.

ತಾರಸಿಯ ಬದಲು ಮಾಳಿಗೆ ಹಾಕಬಹುದಲ್ವಾ? ನಮ್ಮಲ್ಲಿ ಮಣ್ಣಿನ ಮಟ್ಟಸ ಛಾವಣಿಗೆ ಮಾಳಿಗೆ ಅಂತಲೇ ಹೆಸರು. ಬೇಸಿಗೆ ಪೂರ್ತಿ ಅಲ್ಲೇ ಹಾಸಿಗೆ. ಔಟ್‌ಡೋರ್ ಲಿವಿಂಗ್ ಅನ್ನೋದನ್ನ ನಮ್ಮಜ್ಜಿಗೆ ಯಾರೂ ಕಲಿಸಿರಲಿಲ್ಲ.

ಹಳಗನ್ನಡ ಮೇಷ್ಟ್ರು:
ಮೈಸೂರು ಕಡೆ ಮಾಳಿಗೆ ಎಂದರೆ ಮೇಲಂತಸ್ತು. ಛಾವಣಿ ಅಲ್ಲ. ಅರ್ಧ ರಾಜ್ಯಕ್ಕೆ ತಪ್ಪು ಅರ್ಥ ಹೋಗುತ್ತದೆ.

ಪದಮೂಲಪ್ರಿಯ:
ಒಂದು ವಿಷಯ ಯಾರ ಗಮನಕ್ಕೂ ಬಂದಿಲ್ಲ. ಪರ್ಗೋಲಾ ನಮ್ಮದೇ ಪದ ಇರಬಹುದು! ಪರ + ಕೋಲು = ಪರಗೋಲು. ಅಡ್ಡಕ್ಕೆ ಹರಡಿದ ಕೋಲುಗಳು. ಅರ್ಥ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ. ರೋಮನ್ನರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಮೆಣಸಿಗಾಗಿ ಬರುತ್ತಿದ್ದವು. ಮೆಣಸಿನ ಜೊತೆ ಪದವೂ ಹೋಗಿರಬಹುದಲ್ಲವೇ? ಹರಿಗೋಲಿನಲ್ಲೂ ಇದೇ ಕೋಲು ಇದೆ.

ಹಳಗನ್ನಡ ಮೇಷ್ಟ್ರು:
ಇಲ್ಲ. ಲ್ಯಾಟಿನ್ನಿನ ಪೆರ್ಗುಲಾ. ಗೋಡೆಯಿಂದ ಮುಂದಕ್ಕೆ ಚಾಚಿದ ಮಾಡು ಎಂದರ್ಥ. ಮುಂದೆ ಸಾಗು ಎನ್ನುವ ಪೆರ್ಗೆರೆ ಕ್ರಿಯಾಪದದಿಂದ ಬಂದದ್ದು. ಕೋಲೂ ಇಲ್ಲ, ಮೆಣಸೂ ಇಲ್ಲ.

ಬಾರ್ಸಿಲೋನಾದಿಂದ:
ಈಗ ನೋಡಿದೆ, ಇಲ್ಲಿ ಆಗಲೇ ರಾತ್ರಿ. ಅನುವಾದಕಿ ಮೇಡಂ, ನಿಮ್ಮ ಬಸ್ಸು ರಸ್ತೆಯ ಮೇಲೇ ಇದೆ, ಹೆದರಬೇಡಿ. ಎಡವಟ್ಟಾಗಿರುವುದು ತಾರಸಿಯಲ್ಲಿ.

ಇಲ್ಲಿ ಸ್ಪ್ಯಾನಿಷಿನ ತೆರ್ರಾಥಾ, ಕತಲಾನಿನ ತೆರಾಸ್ಸಾ ಎರಡಕ್ಕೂ ಬಳಕೆ ಬಹಳ ಅಗಲ. ಕಾಫಿ ಅಂಗಡಿಯವನು ಫುಟ್‌ಪಾತಿನಲ್ಲಿ ಹಾಕುವ ನಾಲ್ಕು ಮೇಜೂ ತೆರಾಸ್ಸಾ. ಅದಕ್ಕೆ ನಗರಸಭೆಯ ಪರವಾನಗಿ ಬೇಕು, ಎಷ್ಟು ಮೇಜು ಎಂಬ ಲೆಕ್ಕವೂ ಇರುತ್ತದೆ. 2020ರಲ್ಲಿ ಕೊರೋನಾ ಬಂದಾಗ ಕಾರು ನಿಲ್ಲಿಸುವ ಜಾಗದಲ್ಲೂ ಮೇಜು ಹಾಕಲು ಬಿಟ್ಟರು. ರಾಂಬ್ಲಾ ಎಂಬ ಇಲ್ಲಿನ ಹೆಸರಾದ ಬೀದಿಯಲ್ಲಿ ಹೋಟೆಲು ಒಂದು ಬದಿ, ಮೇಜುಗಳು ನಡುವಿನ ಕಾಲುದಾರಿಯಲ್ಲಿ. ಹಾಗಾಗಿ ಮಾಣಿ ತಟ್ಟೆ ಹಿಡಿದು ರಸ್ತೆ ದಾಟುತ್ತಾನೆ. ಅಂದರೆ ನಿಮ್ಮ ಆ ವಾಕ್ಯಕ್ಕೆ ತಾರಸಿ ಸಲ್ಲ.

ಮನೆಯ ತೆರಾಸ್ಸಾ ಬೇರೆ. ಫ್ಲ್ಯಾಟಿಗೆ ಅಂಟಿಕೊಂಡ, ಬಾಲ್ಕನಿಗಿಂತ ದೊಡ್ಡದಾದ, ಮೇಲೆ ತೆರೆದ ಜಾಗ. ಎಷಾಂಪ್ಲಾ ಬಡಾವಣೆಯ ಕಟ್ಟಡಗಳಲ್ಲಿ ಇದು ಹಿಂಬದಿಗೆ ಸಿಗುತ್ತದೆ. ಸೆರ್ದಾ ಎಂಬ ಇಂಜಿನಿಯರನ 1859ರ ನಗರ ಯೋಜನೆಯ ಚೌಕಗಳು ಅವು. ಒಂದೊಂದು ಬದಿ ಸುಮಾರು 113 ಮೀಟರು, ನಡುವೆ ಬಯಲು. ನೆಲಮಟ್ಟದ ಮನೆಗೆ ಹಿಂದುಗಡೆ ತೆರೆದ ಜಾಗ ಇದ್ದರೆ ಕತಲಾನಿನಲ್ಲಿ ಅದಕ್ಕೆ 'ಅಶೀದಾ' ಅಂತ ಒಂದು ಹೆಸರಿದೆ. ಹೊರಹೋಗುವ ದಾರಿ ಎಂಬ ಅರ್ಥವೂ ಅದಕ್ಕಿದೆ. ನಮ್ಮ ಹಿತ್ತಿಲು, ಇನ್ನೇನು.

ಕಟ್ಟಡದ ನೆತ್ತಿಯ ಮೇಲಿನ ಮಟ್ಟಸ ಛಾವಣಿಗೆ ಕತಲಾನಿನಲ್ಲಿ ತೆರಾತ್, ಸ್ಪ್ಯಾನಿಷಿನಲ್ಲಿ ಅಥೊತೆಯಾ. ಇದೊಂದೇ ನಿಮ್ಮ ತಾರಸಿ. ಹಳೆಯ ಕಟ್ಟಡಗಳಲ್ಲಿ ಇದು ಎಲ್ಲ ಮನೆಗಳಿಗೂ ಸೇರಿದ್ದು. ಬಟ್ಟೆ ಒಣಗಿಸುವ ತಂತಿ, ಒಗೆಯುವ ತೊಟ್ಟಿ, ಕೆಂಪು ಬಿಲ್ಲೆಯ ನೆಲ. ಜೂನ್ 23ರ ರಾತ್ರಿ ಸಂತ್ ಜುವಾನ್ ಹಬ್ಬಕ್ಕೆ ನಾವೆಲ್ಲ ಅಲ್ಲೇ ಊಟ ಮಾಡುತ್ತೇವೆ. ಪಟಾಕಿ ಸದ್ದಿಗೆ ದೀಪಾವಳಿಯೇ ನೆನಪಾಗುತ್ತದೆ. ವಾಸ್ತುಶಿಲ್ಪಿ ಗೌಡಿ ಕಟ್ಟಿದ ಕಾಸಾ ಮಿಲಾ ಕಟ್ಟಡದ ಮೇಲೆ ಚಿಮಣಿಗಳು ಸಿಪಾಯಿಗಳಂತೆ ನಿಂತಿವೆಯಲ್ಲ, ಆ ಜಾಗವೂ ತೆರಾತ್‌ ಜಾತಿಯದೇ.

ಪರ್ಗೋಲಾಕ್ಕೆ ದ್ರಾಕ್ಷಿ ಬಳ್ಳಿಯೇ ಯಾಕೆ ಅಂತ ಒಂದು ಸಾಲು ಬರೆದರೆ ಚೆನ್ನ. ಬೇಸಿಗೆಯಲ್ಲಿ ಎಲೆ ದಟ್ಟವಾಗಿ ನೆರಳು ಕೊಡುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಬಿಸಿಲು ಒಳಗೆ ಬರುತ್ತದೆ. ಅದಕ್ಕೇ ಗಟ್ಟಿ ಮಾಡು ಹಾಕುವುದಿಲ್ಲ. ನಮ್ಮ ಮಲೆನಾಡಿನ ಅಂಗಳದ ಚಪ್ಪರದ ಮೇಲೆ ಅಡಿಕೆ ಒಣಗುತ್ತದೆ, ಇಲ್ಲಿ ಕೆಳಗೆ ಜನ ಕೂರುತ್ತಾರೆ.

ಅಚ್ಚಗನ್ನಡಿಗ:
ಒಳ್ಳೆಯ ವಿವರ. ಹಾಗಾದರೆ ತಾರಸಿಯನ್ನೂ ಕಿತ್ತುಹಾಕೋಣ. ಅದು ಟೆರೇಸಿನ ಕೂಸು.

ಮಾಳಿಗೆಮನೆ:
ಕಿತ್ತು ಏನು ಹಾಕೋಣ? ಮಳೆ ಸೋರುತ್ತೆ.

ಪದಮೂಲಪ್ರಿಯ:
ತಾರಸಿ ಇಂಗ್ಲಿಷಿನಿಂದ ಬರುವ ಮೊದಲೇ ಪೋರ್ಚುಗೀಸರ 'ತೆರ್ರಾಸು'ವಿನಿಂದ ಬಂದಿರಬಹುದು. ಚಾವಿ, ಪಗಾರ, ಅಲಮಾರು ಎಲ್ಲ ಅವರದೇ ತಾನೆ?

ಹಳಗನ್ನಡ ಮೇಷ್ಟ್ರು:
ಚಾವಿ, ಪಗಾರ ಸರಿ. ತಾರಸಿಗೆ ಆಧಾರ ತೋರಿಸಿ. 'ಇರಬಹುದು' ಆಧಾರ ಅಲ್ಲ. ನಿನ್ನೆ ಮೆಣಸಿನ ಹಡಗು, ಇವತ್ತು ಪೋರ್ಚುಗೀಸರ ಹಡಗು. ಯಾವ ದಾರಿಯಲ್ಲಿ ಬಂದರೂ ಬೇರು ನೆಲ ಎಂಬರ್ಥದ ತೆರ್ರಾ.

ಬಾರ್ಸಿಲೋನಾದಿಂದ:
ಒಂದು ತಮಾಷೆ ಹೇಳಲಾ? ಸ್ಪ್ಯಾನಿಷಿನ ಅಥೊತೆಯಾ ಅರಬ್ಬಿಯಿಂದ ಬಂದದ್ದು. ಅರಬ್ಬಿಯಲ್ಲಿ ಸತ್‌ಹ್ ಅಂದರೆ ಮಟ್ಟಸ ಛಾವಣಿ, ಅದರ ಚಿಕ್ಕ ರೂಪ ಇದು. ರಾಂಬ್ಲಾ ಕೂಡ ಅರಬ್ಬಿಯದೇ, ಮರಳಿನ ಹಳ್ಳ ಅಂತ. ಇಲ್ಲಿ ಯಾರೂ ಅವನ್ನು ಹೊರಗೆ ಹಾಕಿ ಅಂದಿದ್ದು ನಾನು ಕೇಳಿಲ್ಲ. ಇನ್ನು ನಮ್ಮ ಕುರ್ಚಿ? ಅರಬ್ಬಿಯ ಕುರ್ಸಿ. ಅದನ್ನು ಬಿಟ್ಟು ಅಚ್ಚಗನ್ನಡಿಗರು ಈಗ ಎಲ್ಲಿ ಕೂತಿದ್ದಾರೆ?

ಅಚ್ಚಗನ್ನಡಿಗ:
ಮಣೆಯ ಮೇಲೆ.
ನಾನು ಕುರ್ಚಿ ಬಿಡಿ ಅಂದಿಲ್ಲ. ಬಂದದ್ದು ಬಂತು. ಇದ್ದ ಪದ ಬಿಟ್ಟು ಹೊಸದನ್ನು ತರಬೇಡಿ ಅಂದೆ, ಅಷ್ಟೇ. ಹಂದರ ಇರುವಾಗ ಪರ್ಗೋಲಾ ತಂದರೆ ನಾಳೆ ಮಲ್ಲಿಗೆ ಹಂದರವೂ 'ಜಾಸ್ಮಿನ್ ಪರ್ಗೋಲಾ' ಆಗುತ್ತದೆ. ಬೆಂಗಳೂರಿನಲ್ಲಿ ಆಗಲೇ ಆಗಿದೆ. ಪರ್ಗೋಲಾ ಅಂದರೆ ಚದರಡಿಗೆ ಒಂದು ದರ, ಹಂದರ ಅಂದರೆ ಇನ್ನೊಂದು. ಎರಡಕ್ಕೂ ಅದೇ ಕಬ್ಬಿಣದ ಪೈಪು. ಸಂಸ್ಕ್ರುತ ಬಂದಾಗಲೂ ಹೀಗೇ ಆದದ್ದು.

ಹಳಗನ್ನಡ ಮೇಷ್ಟ್ರು:
ಸಂಸ್ಕೃತ. ಋ ಇದೆ ಅದರಲ್ಲಿ.

ಅಚ್ಚಗನ್ನಡಿಗ:
ನನ್ನ ಬಾಯಲ್ಲಿ ಇಲ್ಲ. ಇರಲಿ, ನಿಮ್ಮ 'ಮೇಲ್ಕಟ್ಟು' ಸರಿಯೇ? ಹಂದರ + ಕಂಬ ಹಂದರಗಂಬ ಆಗುವಾಗ ಇದು ಮೇಲ್ಗಟ್ಟು ಆಗಬೇಡವೇ? ಕಾಗುಣಿತ ತಿದ್ದುವವರು ಸಂದಿಯನ್ನೂ ನೋಡಲಿ.

ಹಳಗನ್ನಡ ಮೇಷ್ಟ್ರು:
ಮೇಲುಕೋಟೆಗೆ ಹೋಗಿ ಊರಿನ ಬೋರ್ಡಿನಲ್ಲಿ ಮೇಲುಗೋಟೆ ಅಂತ ಬರೆದು ಬನ್ನಿ. ಆಮೇಲೆ ಮಾತಾಡೋಣ.

ಅನುವಾದಕಿ:
ಸರ್, ಮೇಡಂ, ಎಲ್ಲರೂ ದಯವಿಟ್ಟು ಒಂದು ನಿಮಿಷ. ಬೆಳಗ್ಗೆ 9 ಆಯಿತು. ಮೂಲದಲ್ಲಿ ಇನ್ನೊಂದು ವಸ್ತು ಸಿಕ್ಕಿದೆ. ಮೂರು ಮೂಲೆಯ ಬಿಗಿಯಾದ ಬಟ್ಟೆ, ಮೂರು ಕಡೆಗೆ ಹಗ್ಗ ಎಳೆದು ಕಟ್ಟಿರುತ್ತಾರೆ. ಕಂಬವೂ ಇಲ್ಲ, ಸುರುಳಿಯೂ ಇಲ್ಲ. 'ನೆರಳು ಪರದೆ' ಅನ್ನಲೇ?

ಮಾಳಿಗೆಮನೆ:
ಬೇಡ ತಂಗಿ. ನೆರಳು ಪರದೆ ಅಂದ್ರೆ ರೈತರಿಗೆ ಸಸಿಮಡಿಯ ಮೇಲೆ ಹಾಕುವ ಹಸಿರು ಬಲೆ.

ಬಾರ್ಸಿಲೋನಾದಿಂದ:
ಇಲ್ಲಿ ಅದಕ್ಕೆ ವೇಲಾ ಅನ್ನುತ್ತಾರೆ, ಹಡಗಿನ ಹಾಯಿಗೂ ಅದೇ ಪದ. ಸಮುದ್ರದ ಊರಲ್ಲವೇ? ರೋಮಿನ ಕೊಲೋಸಿಯಮ್ಮಿಗೂ ಹೀಗೇ ಬಟ್ಟೆಯ ನೆರಳು ಹಾಕುತ್ತಿದ್ದರು, ಅದನ್ನು ಎಳೆದು ಕಟ್ಟುತ್ತಿದ್ದವರು ನಾವಿಕರು. 'ನೆರಳುಹಾಯಿ' ಅಂದರೆ ಹೇಗೆ?

ಅಚ್ಚಗನ್ನಡಿಗ:
ನೆರಳುಹಾಯಿ! ಇದು ಪದ.

ಹಳಗನ್ನಡ ಮೇಷ್ಟ್ರು:
ಆಗಬಹುದು.

ಮಾಳಿಗೆಮನೆ:
ಇಬ್ಬರೂ ಒಪ್ಪಿದ್ದೀರಿ. ತಾರೀಕು ಬರೆದಿಟ್ಟುಕೊಳ್ಳುತ್ತೇನೆ.

ಗುಂಪಿನ ನಿರ್ವಾಹಕ:
ಎರವಲು ಪದಗಳ ಜಗಳಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಕೇಳಿದ ಪದಗಳು ಮಾತ್ರ.

ಪದಮೂಲಪ್ರಿಯ:
ಹಾಗಾದರೆ ಒಂದೇ ಒಂದು. ವೇಲಾ ಮತ್ತು ನಮ್ಮ 'ವೇಲು', ದುಪಟ್ಟಾಕ್ಕೆ ಹೇಳುತ್ತೇವಲ್ಲ?

ಹಳಗನ್ನಡ ಮೇಷ್ಟ್ರು:
ಅದು ಇಂಗ್ಲಿಷಿನಿಂದ ಬಂದ ವೇಲು. ಅದರ ಮೂಲ ಅದೇ ಲ್ಯಾಟಿನ್. ಮೊದಲ ಬಾರಿ ಹತ್ತಿರ ಬಂದಿದ್ದೀರಿ.

ಅನುವಾದಕಿ:
ಕಳಿಸಿದೆ. 12ಕ್ಕೆ 10 ನಿಮಿಷ ಇತ್ತು. ಎಲ್ಲರಿಗೂ ಧನ್ಯವಾದ. ಕೊನೆಗೆ ಏನೇನು ಹಾಕಿದೆ ಅಂತ ಹೇಳಿಬಿಡುತ್ತೇನೆ.

ತೆರಾತ್ ಬಂದ ಕಡೆ ತಾರಸಿಯೇ ಉಳಿಯಿತು. ಫ್ಲ್ಯಾಟಿನ ತೆರಾಸ್ಸಾಕ್ಕೆ 'ತೆರೆದ ಜಗಲಿ', ಅಶೀದಾಕ್ಕೆ ಹಿತ್ತಿಲು. ಬಸ್ಸಿನ ವಾಕ್ಯ ಈಗ 'ಬೀದಿಬದಿಯ ಮೇಜಿಗೆ ಕೂತರೆ' ಅಂತಾಗಿದೆ. ತೋಲ್ದೊಗೆ ಮೊದಲ ಸಲ 'ಸುತ್ತಿಡುವ ಮೇಲ್ಕಟ್ಟು', ಆಮೇಲೆ ಬರೀ ಮೇಲ್ಕಟ್ಟು. ಮೂರು ಮೂಲೆಯದು ನೆರಳುಹಾಯಿ. ತಲೆಬರಹ 'ಜಗಲಿಯಲ್ಲೇ ಅರ್ಧ ಸಂಸಾರ'. ಅದು ನಮ್ಮಮ್ಮ ಹೇಳಿದ್ದು, ನಾನಲ್ಲ.

ಪರ್ಗೋಲಾ ಮತ್ತು ಹಂದರ ಎರಡನ್ನೂ ಬರೆದು, ಯಾವುದು ಬೇಕೋ ಇಟ್ಟುಕೊಳ್ಳಿ ಅಂದಿದ್ದೆ. ಪುಟ ಕಟ್ಟುವವರು ಫೋನ್ ಮಾಡಿದ್ದರು. ಚಿತ್ರದ ಅಡಿಯ ಸಾಲಿನಲ್ಲಿ ಪರ್ಗೋಲಾ ಹಿಡಿಯಲಿಲ್ಲವಂತೆ, ಜಾಗ ಸಾಲಲಿಲ್ಲ. ಹಂದರ ಹಿಡಿಯಿತು.

ಅಚ್ಚಗನ್ನಡಿಗ:
ಗೆದ್ದೆವು.

ಹಳಗನ್ನಡ ಮೇಷ್ಟ್ರು:
ಜಾಗದ ಕೊರತೆಯಿಂದ.