ಗೇರ್‌ಬಾಕ್ಸ್ ಬಿಸಿ ಅಂತ ಸುಳ್ಳು ವಾರ್ನಿಂಗ್: ಸೆನ್ಸರ್ರೋ, ವೈರಿಂಗೋ?

ಡಬಲ್‌ಕ್ಯಾಬ್:
ನನ್ನದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಡೀಸೆಲ್ ಪಿಕಪ್. ಈಚೆಗೆ ಮೀಟರ್‌ನಲ್ಲಿ ‘ಟ್ರಾನ್ಸ್‌ಮಿಷನ್ ಬಿಸಿಯಾಗಿದೆ’ ಅಂತ ವಾರ್ನಿಂಗ್ ಬರುತ್ತಿದೆ. ಲೋಡ್ ಹಾಕಿ ಏರು ಹತ್ತುವಾಗ ಬಂದರೆ ಒಪ್ಪಬಹುದು. ಇದು ಬರುವುದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್‌ಗೆ ಹಾಕಿದ ಕೂಡಲೇ! ಎಂಜಿನ್ನೇ ಇನ್ನೂ ತಣ್ಣಗಿರುತ್ತದೆ. ಹಂಪ್ ದಾಟುವಾಗಲೂ ಒಮ್ಮೊಮ್ಮೆ ಬಂದು, ತಾನಾಗೇ ಹೋಗುತ್ತದೆ.

ಸ್ಕ್ಯಾನರ್ ಹಾಕಿದರೆ ಕೋಡ್ ಪಿ0712. ಆಯಿಲ್ ಲೆವೆಲ್ ಸರಿ ಇದೆ, ಬಣ್ಣ ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ. ಗ್ಯಾರೇಜಿನವರು ಸೆನ್ಸರ್ ಬದಲಿಸೋಣ ಅಂತಾರೆ. ಅದಿರುವುದು ಗೇರ್‌ಬಾಕ್ಸಿನ ಒಳಗೆ, ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿ ಹತ್ತಿರ. ಆಯಿಲ್ ಇಳಿಸಬೇಕು, ಅಡಿಯ ಆಯಿಲ್ ಪ್ಯಾನ್ ಬಿಚ್ಚಬೇಕು. ಅಷ್ಟೆಲ್ಲ ಮಾಡುವ ಮೊದಲು ಹೊರಗಿನಿಂದಲೇ ಪರೀಕ್ಷೆ ಮಾಡುವ ದಾರಿ ಇದ್ಯಾ?

ಲೋಡ್‌ಗಾಡಿ:
ಸುಮ್ನೆ ತಲೆ ಕೆಡಿಸ್ಕೋಬೇಡಿ. ಆಯಿಲ್, ಫಿಲ್ಟರ್ ಬದಲಿಸಿ, ದೊಡ್ಡ ಕೂಲರ್ ಹಾಕಿಸಿ. ನನ್ನ ಗಾಡಿಯಲ್ಲಿ ಇದೇ ವಾರ್ನಿಂಗ್ ಅದರಿಂದಲೇ ಹೋಯ್ತು.

ಮಲ್ಟಿಮೀಟರ್:
ನಿಮ್ಮ ಗಾಡಿ ನಿಜವಾಗಿ ಬಿಸಿಯಾಗುತ್ತಿತ್ತು, ಲೋಡ್‌ಗಾಡಿ ಅವರೇ. ಇವರದು ಬೇರೆ ಕತೆ. ಆಯಿಲ್ ನಿಜಕ್ಕೂ ಮಿತಿ ಮೀರಿ ಕಾದರೆ ಸಾಮಾನ್ಯವಾಗಿ ಪಿ0218 ಬರುತ್ತದೆ. ಪಿ0712 ಅಂದರೆ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ತೀರಾ ಕಡಿಮೆ ಅಂತ.

ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಸಿಗ್ನಲ್ ವೋಲ್ಟೇಜೂ ಇಳಿಯುತ್ತದೆ. ಸಿಗ್ನಲ್ ವೈರ್ ಎಲ್ಲೋ ಬಾಡಿಗೆ ತಾಗಿ ಅರ್ಥ್ ಆದರೂ ವೋಲ್ಟೇಜ್ ಇಳಿಯುತ್ತದೆ. ಕಂಪ್ಯೂಟರ್‌ಗೆ ಎರಡೂ ಒಂದೇ. ಅದು ಪಾಪ, ‘ಆಯಿಲ್ ಕುದಿಯುತ್ತಿದೆ’ ಅಂತ ಕೂಗುತ್ತದೆ. ವೈರ್ ಪೂರ್ತಿ ತುಂಡಾದರೆ ಉಲ್ಟಾ: ಮೈನಸ್ 40 ಡಿಗ್ರಿ ಅಂತ ತೋರಿಸುತ್ತದೆ.

ಮೊದಲು ಇಷ್ಟು ಮಾಡಿ. ರಾತ್ರಿಯಿಡೀ ನಿಂತ ಗಾಡಿಗೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೂಲಂಟ್, ಒಳಬರುವ ಗಾಳಿ, ಗೇರ್‌ಬಾಕ್ಸ್ ಆಯಿಲ್ ಮೂರರ ಟೆಂಪರೇಚರ್ ಸ್ಕ್ಯಾನರ್‌ನಲ್ಲಿ ನೋಡಿ. ಹೆಚ್ಚುಕಮ್ಮಿ ಒಂದೇ ಇರಬೇಕು. ಆಮೇಲೆ ಸ್ಟಾರ್ಟ್ ಮಾಡಿ, ಲೈವ್ ಡೇಟಾದಲ್ಲಿ ಗ್ರಾಫ್ ಹಾಕಿಕೊಂಡು ರಿವರ್ಸ್‌ಗೆ ಹಾಕಿ. ಅಷ್ಟು ಲೀಟರ್ ಆಯಿಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುವುದಿಲ್ಲ, ಆರುವುದೂ ಇಲ್ಲ. ಗ್ರಾಫ್ ನಿಧಾನಕ್ಕೆ ಏರಿದರೆ ನಂಬಿ. ನೆಟ್ಟಗೆ ಜಿಗಿದರೆ ಅದು ಕರೆಂಟಿನ ಆಟ.

ನಿಧಾನಸ್ಥ:
ಒಂದು ಮಾತು. ಸುಳ್ಳು ಅಂತ ಖಾತ್ರಿಯಾಗುವ ತನಕ ವಾರ್ನಿಂಗ್ ಬಂದರೆ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಪ್ಯಾನಿಗೆ ಹಿಡಿದು ನೋಡಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಡಬಲ್‌ಕ್ಯಾಬ್:
ನೋಡಿದೆ. ತಣ್ಣಗಿದ್ದಾಗ ಮೂರೂ 24–25ರ ಆಸುಪಾಸು. ಬ್ರೇಕ್ ಒತ್ತಿ ಹಿಡಿದು ರಿವರ್ಸ್‌ಗೆ ಹಾಕಿದರೆ ಆಯಿಲ್ ಒಂದೇ ನೆಗೆತಕ್ಕೆ 170 ದಾಟುತ್ತದೆ! ನ್ಯೂಟ್ರಲ್‌ಗೆ ತಂದರೆ ಮತ್ತೆ 25. ಪ್ಯಾನ್ ಮುಟ್ಟಿದರೆ ತಣ್ಣಗೇ ಇದೆ. ಹಾಗಾದರೆ ಸೆನ್ಸರ್ರೇ ಹೋಗಿದೆ ಅಲ್ವಾ?

ಮಲ್ಟಿಮೀಟರ್:
ಸೆನ್ಸರ್‌ಗೆ ರಿವರ್ಸ್ ಗೇರ್ ಗೊತ್ತಾಗೋದು ಹೇಗೆ ಸರ್? ರಿವರ್ಸ್‌ಗೆ ಹಾಕಿದಾಗ ಎಂಜಿನ್, ಗೇರ್‌ಬಾಕ್ಸ್ ಎರಡೂ ತಮ್ಮನ್ನು ಹೊತ್ತಿರುವ ರಬ್ಬರ್ ಮೌಂಟಿನ ಮೇಲೆ ಒಂದು ಕಡೆಗೆ ವಾಲುತ್ತವೆ. ಡ್ರೈವ್‌ಗೆ ಹಾಕಿದರೆ ಇನ್ನೊಂದು ಕಡೆಗೆ. ಹಂಪಿನಲ್ಲೂ ಅಲುಗುತ್ತವೆ. ಜೊತೆಗೆ ವೈರಿಂಗೂ ಎಳೆದಾಡುತ್ತದೆ. ನನ್ನ ಅನುಮಾನ ಅಲ್ಲಿ.

ಇಗ್ನಿಷನ್ ಆಫ್ ಮಾಡಿ ಗೇರ್‌ಬಾಕ್ಸಿನ ದೊಡ್ಡ ಕನೆಕ್ಟರ್ ಬಿಚ್ಚಿ. ಒಳಗೆ ನೀರು, ಹಸಿರು ಪಾಚಿಯಂಥ ತುಕ್ಕು ಇದೆಯಾ ನೋಡಿ. ನೀರು ನಿಂತರೂ ಟೆಂಪರೇಚರ್ ಜಾಸ್ತಿ ತೋರಿಸಬಹುದು. ಆಮೇಲೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಟಾರ್ಟ್ ಬೇಡ. ಈಗ ಸೆನ್ಸರ್ ಸರ್ಕ್ಯೂಟಿನಲ್ಲೇ ಇಲ್ಲ, ಮೈನಸ್ 40 ಬರಬೇಕು. ಒಬ್ಬರು ಸ್ಕ್ಯಾನರ್ ನೋಡುತ್ತಿರಲಿ, ನೀವು ಕೆಳಗೆ ಹಾರ್ನೆಸ್ಸನ್ನು (ವೈರುಗಳ ಕಟ್ಟನ್ನು) ಉದ್ದಕ್ಕೂ ಕೈಯಿಂದ ಅಲುಗಿಸಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರಕ್ಕೆ ಅಡ್ಡ ಇಟ್ಟಿರಲಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಬಿಚ್ಚಿದ್ದಕ್ಕೆ ಬೇರೆ ಕೋಡುಗಳೂ ಬರುತ್ತವೆ, ಹೆದರಬೇಡಿ, ಆಮೇಲೆ ಅಳಿಸಿದರಾಯಿತು.

ಡಬಲ್‌ಕ್ಯಾಬ್:
ಸಿಕ್ತು! ಕನೆಕ್ಟರ್ ಒಳಗೆ ಒಣಗಿತ್ತು. ಬಿಚ್ಚಿದಾಗ ಮೈನಸ್ 40 ಬಂತು. ಗೇರ್‌ಬಾಕ್ಸ್ ಮೇಲ್ಭಾಗದಲ್ಲಿ ಹಾರ್ನೆಸ್ ಒತ್ತಿದರೆ ಸೀದಾ 170ರ ಮೇಲೆ, ಬಿಟ್ಟರೆ ಮತ್ತೆ ಮೈನಸ್. ಅಲ್ಲೊಂದು ಕ್ಲಿಪ್ ಇರಲೇ ಇಲ್ಲ. ಹಾರ್ನೆಸ್ ಜೋತುಬಿದ್ದು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ, ಒಂದು ವೈರಿನ ತಾಮ್ರ ಕಾಣುತ್ತಿದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಉಜ್ಜಿರುವುದು ಅಡಿಭಾಗದಲ್ಲಿ. ಸದ್ಯ, ಪ್ಯಾನ್ ಬಿಚ್ಚುವುದು ತಪ್ಪಿತು. ಇದಕ್ಕೆ ಸಾಮಾನ್ಯ ಇನ್ಸುಲೇಷನ್ ಟೇಪ್ ಸುತ್ತಿದರೆ ಸಾಕಾ?

ಮಲ್ಟಿಮೀಟರ್:
ಬೇಡ, ಆ ಬಿಸಿಗೆ ಅಂಟು ಬಿಟ್ಟು ಟೇಪ್ ಬಿಚ್ಚಿಕೊಳ್ಳುತ್ತದೆ. ತಾಮ್ರದ ಎಳೆಗಳು ತುಂಡಾಗಿದ್ದರೆ ಅಷ್ಟು ಭಾಗ ಕತ್ತರಿಸಿ ಸರಿಯಾಗಿ ಜಾಯಿಂಟ್ ಮಾಡಿ, ಒಳಮೈಯಲ್ಲಿ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮೇಲೆ ಬಟ್ಟೆಯ ಹಾರ್ನೆಸ್ ಟೇಪ್. ಪಕ್ಕದ ವೈರುಗಳನ್ನೂ ತಿರುಗಿಸಿ ನೋಡಿ. ಕ್ಲಿಪ್ ಮಾತ್ರ ಮರೆಯದೆ ಹಾಕಿಸಿ, ಇಲ್ಲದಿದ್ದರೆ ಮತ್ತೆ ಅದೇ ಅಂಚಿಗೆ ಉಜ್ಜುತ್ತದೆ.