ಕುದುರೆಮುಖದಲ್ಲಿ ಬಾವಲಿ ಸರ್ವೆ: ಬಲೆಗೆ ಬರೀ ಹಣ್ಣುಬಾವಲಿ, ರೆಕಾರ್ಡರ್ ತುಂಬ ಜೀರುಂಡೆ

ಹಳ್ಳದಂಚು:
ಕುದುರೆಮುಖ ಭಾಗದಲ್ಲಿ 800 ಮೀಟರಿನ ನಿತ್ಯಹರಿದ್ವರ್ಣ ಕಾಡಿನಿಂದ 1,700 ಮೀಟರಿನ ಶೋಲಾ (ಎತ್ತರದ ಹುಲ್ಲುಗಾವಲ ನಡುವಿನ ಗಿಡ್ಡ ಕಾಡು) ವರೆಗೆ ಬಾವಲಿ ಪ್ರಭೇದಗಳ ಸರ್ವೆ ನಡೆದಿದೆ. ಅರಣ್ಯ ಇಲಾಖೆಯ ಅನುಮತಿ ಇದೆ. ಕೈಲಿರುವುದು 12 ಮೀಟರಿನ ನಾಲ್ಕು ಮಿಸ್ಟ್ ನೆಟ್ (ಹಾರುವ ಬಾವಲಿ ಹಿಡಿಯುವ ನವಿರಾದ ಬಲೆ), ಎರಡು ಆಡಿಯೊಮಾತ್ (ಬಾವಲಿ ಕೂಗು ದಾಖಲಿಸುವ ಪುಟ್ಟ ರೆಕಾರ್ಡರ್). ಬಲೆಗೆ ಬೀಳುವುದೆಲ್ಲ ಗಿಡ್ಡಮೂತಿ ಹಣ್ಣುಬಾವಲಿ, ಕಾರ್ಡ್ ತುಂಬುವುದು ಜೀರುಂಡೆ ಸದ್ದಿನಿಂದ. ಏನು ಬದಲಾಯಿಸಬೇಕು?

ತೊಗಲುರೆಕ್ಕೆ:
ಬಲೆ ಕಾಡಿನ ಅಂಚಿನಲ್ಲಿ, ಹಣ್ಣು ಬಿಟ್ಟ ಅತ್ತಿ ಮರದ ಹತ್ತಿರ ಇದ್ದರೆ ಹಾಗೇ ಆಗುವುದು. ಹಳ್ಳಕ್ಕೆ ಅಡ್ಡಲಾಗಿ, ಮೇಲೆ ಕೊಂಬೆ ಕೂಡಿಕೊಂಡಿರುವ ಕಾಲುದಾರಿಗೆ ಅಡ್ಡಲಾಗಿ ಕಟ್ಟಿ. ಬಲೆಯ ಕಣ್ಣು 36–38 ಮಿ.ಮೀ. ಇರಲಿ, ತಳದ ಹಗ್ಗ ನೀರಿಗೆ ತಾಗದಿರಲಿ. ಹಕ್ಕಿ ಬೀಳದಂತೆ ಕತ್ತಲಾದ ಮೇಲೆಯೇ ಬಲೆ ಹರಡಿ. ಹತ್ತು–ಹದಿನೈದು ನಿಮಿಷಕ್ಕೊಮ್ಮೆ ನೋಡದಿದ್ದರೆ ಬಾವಲಿಗಳು ಬಲೆ ಕಡಿದು ಹೋಗುತ್ತವೆ, ಇಲ್ಲವೇ ರೆಕ್ಕೆ ಹರಿದುಕೊಳ್ಳುತ್ತವೆ. ಬಿಡಿಸುವಾಗ ಯಾವ ಬದಿಯಿಂದ ಬಿತ್ತೋ ಆ ಬದಿಯಿಂದಲೇ, ಮೊದಲು ಕಾಲು.

ಆದರೆ ಕೆರಿವೌಲಾ, ಮ್ಯೂರಿನಾದಂಥ ಪುಟ್ಟ ಬಾವಲಿಗಳು ನೆಟ್ಟನ್ನು ಗುರುತಿಸಿ ಪಕ್ಕಕ್ಕೆ ಸರಿಯುತ್ತವೆ. ಅವುಗಳ ಕೂಗೂ ಬಹಳ ಮೆಲು, ರೆಕಾರ್ಡರಿಗೂ ದಕ್ಕುವುದು ಕಷ್ಟ. ಹಾರ್ಪ್ ಟ್ರ್ಯಾಪ್ ಬೇಕೇ ಬೇಕು. ಅಲ್ಯೂಮಿನಿಯಂ ಚೌಕಟ್ಟಿಗೆ ಗಾಳದ ನೈಲಾನ್ ದಾರದ ಎರಡು ಸಾಲು, ದಾರದಿಂದ ದಾರಕ್ಕೆ 2.5 ಸೆಂ.ಮೀ., ಕೆಳಗೆ ಚೀಲ. ದಾರ ಬಿಗಿಯಾದರೆ ಬಾವಲಿ ಪುಟಿದು ಹೋಗುತ್ತದೆ, ಸಡಿಲವಾದರೆ ನಡುವೆ ನುಸುಳಿಬಿಡುತ್ತದೆ. ದಾರಿಯ ಎರಡೂ ಬದಿಯ ಸಂದನ್ನು ಸೊಪ್ಪಿನಿಂದ ಮುಚ್ಚಿ. ಚೀಲವನ್ನು ಬೆಳಗಿನವರೆಗೆ ಹಾಗೇ ಬಿಡಬೇಡಿ. ಇರುವೆ ಹತ್ತುತ್ತದೆ, ಬೇಟೆಯಾಡುವ ದೊಡ್ಡ ಬಾವಲಿ ಮೆಗಾಡರ್ಮಾ ಬಿದ್ದರಂತೂ ಜೊತೆಯಲ್ಲಿರುವ ಸಣ್ಣವನ್ನು ತಿಂದುಹಾಕುತ್ತದೆ.

ಕಿಲೋಹರ್ಟ್ಸ್:
ಆಡಿಯೊಮಾತಿನ ಸ್ಯಾಂಪ್ಲಿಂಗ್ ದರವನ್ನು (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕೆಂಬುದು) 384 ಕಿಲೋಹರ್ಟ್ಸ್‌ಗೆ ಇಡಿ, ಆಗ ಅದರ ಅರ್ಧ, ಅಂದರೆ 192ರವರೆಗಿನ ಕೂಗು ದಾಖಲಾಗುತ್ತದೆ. ಗಂಟೆಗೆ ಸುಮಾರು 2.8 ಜಿಬಿ ತಿನ್ನುತ್ತದೆ, ರಾತ್ರಿಯಿಡೀ ಓಡಿಸಿದರೆ 32 ಜಿಬಿ ಕಾರ್ಡ್ ಸಾಲದು. ಸಂಜೆಯ ಮೊದಲ ಮೂರು ಗಂಟೆ ಪೂರ್ತಿ, ಆಮೇಲೆ 15 ನಿಮಿಷಕ್ಕೆ 5 ನಿಮಿಷ ಸಾಕು. ಜೀರುಂಡೆ ಕಾಟಕ್ಕೆಂದು, ಕೆಳಗಿನ ಆವರ್ತನದ ಸದ್ದನ್ನು ಕತ್ತರಿಸುವ ಫಿಲ್ಟರನ್ನು 20 ಕಿಲೋಹರ್ಟ್ಸ್‌ಗೆ ಏರಿಸುವವರಿದ್ದಾರೆ. ಅದು ತಪ್ಪು. ಭೀಮಗಡದ ಬಾರಾಪೇಡೆ ಗುಹೆಯ ರಾಟನ್ ಬಾವಲಿಯಂಥವು 20ಕ್ಕಿಂತ ಕೆಳಗೇ ಕೂಗುತ್ತವೆ. 8–10ಕ್ಕೆ ನಿಲ್ಲಿಸಿ, ಉಳಿದದ್ದನ್ನು ಮನೆಯಲ್ಲಿ ಸ್ಪೆಕ್ಟ್ರೋಗ್ರಾಮ್ (ಸದ್ದಿನ ಆವರ್ತನ ತೋರಿಸುವ ಚಿತ್ರ) ನೋಡಿ ಸೋಸಿ.

ಹೆಚ್ಚು ಆವರ್ತನದ ಸದ್ದನ್ನು ಗಾಳಿಯೇ ಹೀರಿಕೊಳ್ಳುತ್ತದೆ. ಕುದುರೆಲಾಳ ಬಾವಲಿಯದು ಕೆಲವೇ ಮೀಟರಿನ ಆಚೆಗೆ ಕೇಳಿಸದು. ಆದ್ದರಿಂದ ರೆಕಾರ್ಡರ್ ಹಾರುದಾರಿಯ ಪಕ್ಕದಲ್ಲೇ, ಎರಡು ಮೀಟರ್ ಎತ್ತರದಲ್ಲಿ, ಝರಿ ಸದ್ದಿನಿಂದ ದೂರ. ಮಂಜಿಗೆ ಹೆದರಿ ದಪ್ಪ ಪ್ಲಾಸ್ಟಿಕ್ ಸುತ್ತಿದರೆ ಮೈಕಿನ ಕಿವಿ ಮುಚ್ಚಿದಂತೆ.

ಹಣ್ಣುಬಾವಲಿಗಳಿಗೆ ರೆಕಾರ್ಡರಿನಿಂದ ಪ್ರಯೋಜನವಿಲ್ಲ. ನಾಲಿಗೆಯಿಂದ ಟಿಕ್ ಟಿಕ್ ಎನ್ನಿಸುವ ರೂಸೆಟಸ್ ಬಿಟ್ಟರೆ ಅವು ಬಾಯಿಂದ ಕೂಗಿ ಅದರ ಪ್ರತಿಧ್ವನಿಯಿಂದ ದಾರಿ ಹುಡುಕುವುದಿಲ್ಲ. ಅವಕ್ಕೆ ನಿಮ್ಮ ನೆಟ್ಟೇ ಗತಿ.

ಹಳ್ಳದಂಚು:
ಧನ್ಯವಾದ ಸರ್. ಕೂಗಿನ ಆವರ್ತನ ನೋಡಿಯೇ ಪ್ರಭೇದ ಬರೆದುಕೊಳ್ಳಬಹುದೇ?

ಕಿಲೋಹರ್ಟ್ಸ್:
ಕುದುರೆಲಾಳ, ಎಲೆಮೂಗಿನ ಬಾವಲಿಗಳಿಗೆ ಬಹುಮಟ್ಟಿಗೆ ಹೌದು, ಅವುಗಳ ಕೂಗು ಒಂದೇ ಆವರ್ತನದಲ್ಲಿ ನಿಲ್ಲುತ್ತದೆ. ಕುದುರೆಲಾಳ ಬಾವಲಿಗಳಲ್ಲಿ ರೈನೊಲೋಫಸ್ ರೂಕ್ಸಿಯದು 80 ಕಿಲೋಹರ್ಟ್ಸ್‌ನ ಆಸುಪಾಸು. ನೋಡಲು ಅದರಂತೆಯೇ ಇರುವ ಇಂಡೊರೂಕ್ಸಿಯದು 90 ದಾಟುತ್ತದೆ. ಅಂದರೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗದ ವ್ಯತ್ಯಾಸ ಇಲ್ಲಿ ಕೂಗಿನಲ್ಲಿ ಸಿಗುತ್ತದೆ. ಹಾರುವಾಗ ಅವು ಆವರ್ತನವನ್ನು ಒಂದಿಷ್ಟು ತಗ್ಗಿಸುತ್ತವೆ. ಹಿಡಿದ ಪ್ರಾಣಿಯ ಕೂಗನ್ನು ಕೈಯಲ್ಲಿರುವಾಗಲೇ ದಾಖಲಿಸಿ, ಅದೇ ನಿಮ್ಮ ಅಳತೆಗೋಲು. ಮಯೋಟಿಸ್, ಪಿಪಿಸ್ಟ್ರೆಲ್ ಕೂಗುಗಳು ಒಂದರ ಮೇಲೊಂದು ಬರುತ್ತವೆ, ಅವನ್ನು ಗುಂಪಾಗಿಯೇ ಬರೆಯಿರಿ.

ಮಲೆಸೀಮೆ:
ಎರಡು ಮಾತು ಸೇರಿಸುತ್ತೇನೆ. ಡಿಸೆಂಬರಿನಲ್ಲಿ ಕೆಳಗಿನ ಕಾಡು, ಮಾರ್ಚಿನಲ್ಲಿ ಶೋಲಾ ಎಂದು ಮುಗಿಸಬೇಡಿ, ಎತ್ತರದ ಪರಿಣಾಮವೋ ಋತುವಿನದೋ ಎಂದು ಆಮೇಲೆ ಬೇರ್ಪಡಿಸಲಾಗದು. ಒಂದೇ ವಾರದಲ್ಲಿ ಮೇಲೆ–ಕೆಳಗೆ ಬದಲಿಸುತ್ತ ಹೋಗಿ, ಹುಣ್ಣಿಮೆಯ ಆಸುಪಾಸು ಬಿಡಿ. 12 ಮೀ. ಉದ್ದ, 2.5 ಮೀ. ಎತ್ತರದ ನಾಲ್ಕು ಬಲೆ, ನಾಲ್ಕು ಗಂಟೆ ಎಂದರೆ 480 ಚದರ ಮೀಟರ್–ಗಂಟೆ. ಏನೂ ಬೀಳದ ರಾತ್ರಿಯಲ್ಲೂ ಇದನ್ನು ಬರೆದಿಡಿ. ರೆಕಾರ್ಡರಿನ ಕೂಗುಗಳ ಸಂಖ್ಯೆಯನ್ನು ಬಾವಲಿಗಳ ಸಂಖ್ಯೆಯೊಂದಿಗೆ ಕೂಡಿಸಬೇಡಿ. ಒಂದೇ ಬಾವಲಿ ಇಪ್ಪತ್ತು ಸಲ ಸುತ್ತಿರಬಹುದು.

ಇನ್ನೊಂದು, ನಿಮ್ಮವರ ಮೈ. ಬಾವಲಿ ಮುಟ್ಟುವ ಪ್ರತಿಯೊಬ್ಬರಿಗೂ ರೇಬೀಸ್ ಮುಂಜಾಗ್ರತಾ ಲಸಿಕೆ ಮುಗಿದಿರಬೇಕು, ಚರ್ಮದ ಗ್ಲೌಸ್, ಎನ್95 ಮಾಸ್ಕ್ ತಪ್ಪದು. ಸರ್ವೆಗೆ ಒಳ್ಳೆಯ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಬಲೆ ಹತ್ತಿರ ತರಗೆಲೆಯ ಮೇಲೆ ಕೂರಬೇಡಿ, ಒಂದು ಮಡಚುವ ಸ್ಟೂಲ್ ಒಯ್ಯಿರಿ. ವಾಪಸು ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ಉಣುಗು ಇದೆಯೇ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.