ಮೂರನೇ ಕನೆಕ್ಷನ್ ಬಂದ ಕೂಡಲೇ ಪ್ಯಾಕೆಟ್ ನೋಡ್ ಮಲಗುತ್ತದೆ, ಯಾಕೆ?

ತಾರಸಿ_ಆಂಟೆನಾ:
ಹ್ಯಾಮ್ ರೇಡಿಯೊದಲ್ಲಿ ಗೆಳೆಯರಿಗೆ ಮೇಲ್ ಕೊಡುವ ಪ್ಯಾಕೆಟ್ ನೋಡ್ ಇದು. ಮೈಸೂರಿನ ಮನೆ ತಾರಸಿಯಲ್ಲಿ 2 ಮೀಟರ್ ಬ್ಯಾಂಡಿನ ಆಂಟೆನಾ, ಕೆಳಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್. ಅದರಲ್ಲಿ ಡೈರ್ ವುಲ್ಫ್ (ಸಾಫ್ಟ್‌ವೇರ್ ಮೋಡೆಮ್), ಲಿನ್‌ಬಿಪಿಕ್ಯೂ (ನೋಡ್ ನಡೆಸುವ ಸಾಫ್ಟ್‌ವೇರ್). ವೇಗ 1200 ಬಾಡ್, ಅಂದರೆ ಸೆಕೆಂಡಿಗೆ 1200 ಬಿಟ್. ಮಂಡ್ಯದ ಗೆಳೆಯರು ಒಬ್ಬರೇ ಬಂದರೆ ಮೇಲ್ ಸಲೀಸಾಗಿ ಇಳಿಯುತ್ತದೆ. ನಂಜನಗೂಡಿನವರೂ ಸೇರಿದರೆ ತೆವಳುತ್ತದೆ. ಮೂರನೇ ಕನೆಕ್ಷನ್ ಬಂತೋ, ಅದೇ ಫ್ರೇಮ್ (ಡೇಟಾದ ತುಂಡು) ಮತ್ತೆ ಮತ್ತೆ ಹೋಗುತ್ತದೆ. 10 ರಿಟ್ರೈ ಮುಗಿದು ಎಲ್ಲರದೂ ಕಟ್. ಪೈ ನೋಡಿದರೆ ಸುಮ್ನೆ ಕೂತಿರುತ್ತದೆ, ಸಿಪಿಯು ಪೂರ್ತಿ ಖಾಲಿ.

ಫ್ರ್ಯಾಕ್ (ಉತ್ತರಕ್ಕೆ ಕಾಯುವ ಹೊತ್ತು) 3 ಸೆಕೆಂಡ್, ಮ್ಯಾಕ್ಸ್‌ಫ್ರೇಮ್ (ಒಮ್ಮೆಗೆ ಎಷ್ಟು ಫ್ರೇಮ್) 7, ಪ್ಯಾಕ್‌ಲೆನ್ (ಒಂದು ಫ್ರೇಮ್‌ಗೆ ಎಷ್ಟು ಬೈಟ್) 256, ಪರ್ಸಿಸ್ಟ್ (ಖಾಲಿ ಚಾನೆಲ್‌ಗೆ ನುಗ್ಗುವ ಆತುರ) 255. ಎಲ್ಲಿಂದಲೋ ಕಾಪಿ ಹೊಡೆದದ್ದು. ಯೂಸರ್ಸ್ 1 ಅಂತ ಹಾಕಿ ಒಮ್ಮೆಗೆ ಒಬ್ಬರನ್ನೇ ಬಿಡಲಾ?

ಹಳೇ_ಟಿಎನ್‌ಸಿ:
ಬೇಡ ಮಾರಾಯರೇ, ಅದು ನೆಗಡಿಗೆ ಮೂಗು ಕೊಯ್ದ ಹಾಗೆ.

ಲೆಕ್ಕ ಹಾಕಿ. 256 ಬೈಟ್‌ನ ಒಂದು ಫ್ರೇಮ್‌ಗೆ 1200 ಬಾಡ್‌ನಲ್ಲಿ ಸುಮಾರು 1.8 ಸೆಕೆಂಡ್ ಬೇಕು. ನೀವು ಒಂದೇ ಉಸಿರಿಗೆ 7 ಕಳಿಸುತ್ತೀರಿ, ಅಂದರೆ 13 ಸೆಕೆಂಡ್. ಅಷ್ಟು ಹೊತ್ತು ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಆದರೆ ನಿಮ್ಮ ಫ್ರ್ಯಾಕ್ 3 ಸೆಕೆಂಡಿಗೇ "ಉತ್ತರ ಬರಲಿಲ್ಲ" ಅಂತ ಗಡಿಬಿಡಿ ಮಾಡುತ್ತದೆ. ಮೋಡೆಮ್‌ಗೆ ಫ್ರೇಮ್ ದಾಟಿಸುವ ಬರೀ ಕಿಸ್‌ನಲ್ಲಿ, ಆಕ್‌ಮೋಡ್ (ಫ್ರೇಮ್ ಹೋಯಿತು ಅಂತ ಮೋಡೆಮ್ ತಿಳಿಸುವುದು) ಇಲ್ಲದಿದ್ದರೆ, ಫ್ರೇಮ್ ಗಾಳಿಗೆ ಹೋಯಿತೋ ಸಾಲಿನಲ್ಲೇ ನಿಂತಿದೆಯೋ ಮೇಲಿನ ಸಾಫ್ಟ್‌ವೇರ್‌ಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಸಾಲಿನಲ್ಲಿ ನಿಂತವನ ಹಿಂದೆ ಅವನದೇ ನಕಲು ಬಂದು ನಿಲ್ಲುತ್ತದೆ.

ಪರ್ಸಿಸ್ಟ್ 255 ಇನ್ನೂ ಕೆಟ್ಟದ್ದು. ಚಾನೆಲ್ ಖಾಲಿಯಾದ ತಕ್ಷಣ ಖಂಡಿತ ನುಗ್ಗು ಅಂತ ಅದರ ಅರ್ಥ. 63 ಇಟ್ಟರೆ ಪ್ರತಿ ಸ್ಲಾಟ್‌ನಲ್ಲಿ (ಕಾಯುವ ಪುಟ್ಟ ಅವಧಿ) ನುಗ್ಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸ್ಲಾಟ್‌ಟೈಮ್ 100 ಮಿಲಿಸೆಕೆಂಡ್ ಇರಲಿ. ಮ್ಯಾಕ್ಸ್‌ಫ್ರೇಮ್ 2, ಪ್ಯಾಕ್‌ಲೆನ್ 128, ಫ್ರ್ಯಾಕ್ 8 ಸೆಕೆಂಡ್ ಮಾಡಿ ನೋಡಿ. ಪರ್ಸಿಸ್ಟ್ ಆ ಇಬ್ಬರ ಕಡೆಯೂ ಬದಲಾಗಬೇಕು.

ಒಂದು ಪ್ರಶ್ನೆ. ಮಂಡ್ಯ, ನಂಜನಗೂಡು ಒಬ್ಬರಿಗೊಬ್ಬರು ಕೇಳಿಸುತ್ತಾರಾ?

ತಾರಸಿ_ಆಂಟೆನಾ:
ಇಲ್ಲ, ಇಬ್ಬರೂ ನನಗೆ ಮಾತ್ರ ಕೇಳಿಸುತ್ತಾರೆ.

ಹಳೇ_ಟಿಎನ್‌ಸಿ:
ಹಾಗಾದರೆ ಚಾನೆಲ್ ಖಾಲಿ ಅಂತ ಇಬ್ಬರೂ ಒಟ್ಟಿಗೇ ಶುರು ಮಾಡುತ್ತಾರೆ, ನಿಮ್ಮ ತಲೆಯ ಮೇಲೆ ಡಿಕ್ಕಿ. ಅದಕ್ಕೆ ಪರ್ಸಿಸ್ಟ್ ಪೂರ್ತಿ ಮದ್ದಲ್ಲ. ಅವರೂ ಚಿಕ್ಕ ಚಿಕ್ಕ ಫ್ರೇಮ್ ಕಳಿಸಲಿ, ಹಾಳಾದರೂ ಕಡಿಮೆ ಹಾಳಾಗುತ್ತದೆ.

ಕಾಯಿಲ್_ಸುತ್ತುವವಳು:
ಆ ಮೂರನೆಯವರು ಯಾರು?

ತಾರಸಿ_ಆಂಟೆನಾ:
ಮಂಡ್ಯದವರೇ. ಪಕ್ಕದ ರೂಮಿನ ಎರಡನೇ ಸೆಟ್‌ನಿಂದ ಪರೀಕ್ಷೆ ಮಾಡುತ್ತಾರೆ.

ಕಾಯಿಲ್_ಸುತ್ತುವವಳು:
ಅದೇ ಕಾಲ್‌ಸೈನ್ (ಹ್ಯಾಮ್‌ನ ಗುರುತು), ಅದೇ ಎಸ್‌ಎಸ್‌ಐಡಿ (ಅದರ ಬಾಲಕ್ಕಿರುವ ಸಂಖ್ಯೆ) ತಾನೇ? ನೋಡ್‌ಗೆ ಕನೆಕ್ಷನ್ ಅಂದರೆ ಎರಡು ವಿಳಾಸಗಳ ಜೋಡಿ ಅಷ್ಟೇ. ಅದೇ ವಿಳಾಸದಿಂದ ಹೊಸದಾಗಿ ಕನೆಕ್ಟ್ ಕೋರಿಕೆ ಬಂದರೆ ಹಳೇ ಲಿಂಕ್ ರೀಸೆಟ್ ಆಗುತ್ತದೆ. ಆಮೇಲೆ ನೋಡ್ ಒಂದು ಉತ್ತರ ಕೊಟ್ಟರೆ ಎರಡೂ ಸೆಟ್ ತನಗೇ ಅಂದುಕೊಳ್ಳುತ್ತವೆ. 0 ಇಂದ 15ರವರೆಗೆ ಎಸ್‌ಎಸ್‌ಐಡಿ ಇದೆ. ಎರಡನೇ ಸೆಟ್‌ಗೆ ಬೇರೆಯದು ಕೊಡಲು ಹೇಳಿ.

ತಾರಸಿ_ಆಂಟೆನಾ:
ಅಯ್ಯೋ, ಎರಡೂ ಸೆಟ್‌ನಲ್ಲಿ 0! ಒಂದಕ್ಕೆ 5 ಕೊಡಿಸಿದೆ. ನಿನ್ನೆ ರಾತ್ರಿ ಮೂರೂ 40 ನಿಮಿಷ ಕಡಿಯದೆ ಓಡಿದವು. ನಂಜನಗೂಡಿಗೆ ಈಗಲೂ ಆಗಾಗ ರಿಟ್ರೈ ಬೀಳುತ್ತದೆ, ಆದರೆ ಮೇಲ್ ಮುಗಿಯುತ್ತದೆ.

ಹಳೇ_ಟಿಎನ್‌ಸಿ:
ಭೇಷ್. ಹಿಂದೆ ನನ್ನ ಟಿಎನ್‌ಸಿ-2ರಲ್ಲಿ (ಹಳೇ ಕಾಲದ ಪ್ಯಾಕೆಟ್ ಮೋಡೆಮ್ ಪೆಟ್ಟಿಗೆ) ಎ ಇಂದ ಜೆ ವರೆಗೆ ಹತ್ತು ಸ್ಟ್ರೀಮ್, ಒಂದೊಂದರಲ್ಲಿ ಒಂದು ಕನೆಕ್ಷನ್. ಉದ್ದಗೆರೆ (|) ಒತ್ತಿ ಅಕ್ಷರ ಹೊಡೆದರೆ ಆ ಕನೆಕ್ಷನ್‌ಗೆ ಹಾರಬಹುದು. ಒಮ್ಮೆ ಗೆರೆ ಒತ್ತುವುದು ಮರೆತೆ. "ಅವನು ಕೊಯ್ಯುತ್ತಾನೆ, ಬೇಗ ಮುಗಿಸೋಣ" ಅಂತ ಬಿ ಸ್ಟ್ರೀಮಿನವರಿಗೆ ಬರೆದದ್ದು ನೇರ ಎ ಸ್ಟ್ರೀಮಿಗೆ ಹೋಯಿತು. ಕೊಯ್ಯುವವರು ಅಲ್ಲೇ ಇದ್ದರು. 73 (ಹ್ಯಾಮ್‌ಗಳ ವಿದಾಯದ ಶುಭಾಶಯ) ಅಂತಲೂ ಹೇಳದೆ ಡಿಸ್‌ಕನೆಕ್ಟ್.

ಕಾಯಿಲ್_ಸುತ್ತುವವಳು:
ಆಮೇಲೆ ಮಾತಾಡಿದರಾ?

ಹಳೇ_ಟಿಎನ್‌ಸಿ:
ಒಂದು ವಾರ ಬಿಟ್ಟು ಕನೆಕ್ಟ್ ಆದರು. ಎರಡು ಗಂಟೆ ಕೊಯ್ದರು.